ಒಂದಿಂಚು ಹೆಚ್ಚಿಗೆ

ಮತ್ತಿಕೆರೆಯ ಅಡ್ಡರಸ್ತೆಯಲ್ಲಿ
ನನ್ನ ಹೊಲಿಗೆ ಮಿಷನ್ನಿನ ಕೆಳಗೆ
ಅಸ್ತರಿನ ಚೂರುಗಳ ಮೇಲೆ ಮಲಗುತ್ತಾಳೆ ಗುಂಡಿ.
ಹಲ್ಲು ಬಂದ ವಾರ ಯಾರದೋ ಅಂಗಿಯ ಗುಂಡಿ ನುಂಗಿದಳು.
ಮೂರನೇ ದಿನ ಅದು ಹೊರಗೆ ಬಂತು,
ಹೆಸರು ಉಳಿಯಿತು.

ಸಂಕ್ರಾಂತಿಗೆ ಅಂಗೈಯಷ್ಟಿದ್ದಳು.
ಜುಲೈ ಹೊತ್ತಿಗೆ ನನಗೆ ಪೆಡಲ್ ತುಳಿಯಲು ಜಾಗವಿಲ್ಲ.
ಡಾಕ್ಟರ್ ಭಾರ್ಗವಿ ಹಲ್ಲು ನೋಡಿ ಹೇಳಿದರು:
"ಆರು ತಿಂಗಳು ತುಂಬಿದೆ. ಮೊದಲ ಸಲ ಬೆದೆಗೆ ಬರುವ ಮುಂಚೆ
ಮಾಡಿಸಿಬಿಡಿ, ಮುಂದೆ ಮೊಲೆಯಲ್ಲಿ ಗಂಟಾಗೋದು ಕಮ್ಮಿ."
ದಾರದ ಗಂಟಾದರೆ ಹಲ್ಲಿನಲ್ಲೇ ಬಿಡಿಸುತ್ತೇನೆ.
ನಮ್ಮಕ್ಕನದು ಬಿಡಿಸಲಾಗಲಿಲ್ಲ.
ಆದರೂ ಹೂಂ ಅನ್ನಲಿಲ್ಲ ನಾನು.

ಹೂ ಕಟ್ಟುತ್ತ ಕೆಂಪಲಕ್ಷ್ಮಮ್ಮ:
"ಒಂದು ಸೂಲಾದ್ರೂ ಆಗ್ಲಿ ಕಣೇ, ಸುಮ್ನೆ ಶಾಪ ಕಟ್ಕೋಬೇಡ."
ಮನೆ ಮಾಲೀಕ ಚೌಡಪ್ಪನವರು:
"ಇವತ್ತೇ ಮಾಡಿಸಮ್ಮ, ಇಲ್ಲಾಂದ್ರೆ ನನ್ನ ಗೇಟಿನ ಮುಂದೆ ಕ್ಯೂ."
ಕಾಜಾ ಹಾಕುವ ಶಬೀನಾ, ತಲೆ ಎತ್ತದೆ:
"ಇನ್ನೂ ಚಿಕ್ಕೋಳು ಆಂಟಿ. ಮೂಳೆ ಬಲೀಲಿ."

ನಾನು ಅಳತೆಯವಳು.
ಶಾಲೆಯ ಹುಡುಗಿಯರ ಲಂಗ ಹೊಲಿಯುವಾಗ
ಮಡಿಕೆಯೊಳಗೆ ಎರಡಿಂಚು ಬಟ್ಟೆ ಬಚ್ಚಿಡುತ್ತೇನೆ,
ಮುಂದಿನ ಜೂನಿಗೆ ಬಿಚ್ಚಲು.
ಯಾವ ರಾತ್ರಿ ಮೈ ಬೆಳೆಯುತ್ತದೆಂದು
ಟೇಪು ಹೇಳುವುದಿಲ್ಲ.

ಆಷಾಢ ಬೇಡವೆಂದರು. ಆಮೇಲೆ ವರಮಹಾಲಕ್ಷ್ಮಿ,
ನಲವತ್ತೆರಡು ರವಿಕೆ, ಹನ್ನೊಂದಕ್ಕೆ ಬೆನ್ನಲ್ಲಿ ಜಾಲರಿ.
ಹಬ್ಬದ ಮರುದಿನ ಬೆಳಿಗ್ಗೆ
ಬಿಳಿ ಅಸ್ತರಿನ ಮೇಲೆ
ಕುಂಕುಮದಷ್ಟು ಒಂದು ಚುಕ್ಕೆ.
ಸೂಜಿ ಚುಚ್ಚಿತೇನೋ ಎಂದು
ನನ್ನ ಹತ್ತೂ ಬೆರಳು ನೋಡಿಕೊಂಡೆ.

ನಾನಿನ್ನೂ ಯೋಚಿಸುತ್ತಿದ್ದೆ. ಅವಳ ಮೈ ಕಾಯಲಿಲ್ಲ.

"ಈಗ ಬೇಡ, ರಕ್ತ ಜಾಸ್ತಿ ಹೋಗುತ್ತೆ," ಎಂದರು ಡಾಕ್ಟರ್. ಬೈಯಲಿಲ್ಲ.
"ಎರಡು ಮೂರು ತಿಂಗಳು ಬಿಟ್ಟು ಬನ್ನಿ.
ಮೂರು ವಾರ ಬಾಗಿಲು ಭದ್ರ."

ಷಟರ್ ಅರ್ಧ ಇಳಿಸಿ ಹೊಲಿದೆ.
ಹೊರಗೆ ಹರಿದ ಕಿವಿಯ ಕಂದು ನಾಯಿ, ಬೇಕರಿಯ ಕರಿಯ,
ರೈಲ್ವೆ ಹಳಿಯ ಕಡೆಯಿಂದ ಬಂದ ಗುರುತಿಲ್ಲದವರು.
ರಾತ್ರಿ ಹತ್ತಕ್ಕೆ ಹಗ್ಗ ಕೈಗೆ ಎರಡು ಸುತ್ತು ಸುತ್ತಿ
ಉಚ್ಚೆಗೆ ಕರೆದೊಯ್ದರೆ
ಅವಳು ಬಾಲ ಪಕ್ಕಕ್ಕೆ ಸರಿಸಿ ನಿಂತುಬಿಡುತ್ತಿದ್ದಳು.
ನಾನು ಕೊಡೆ ಬೀಸುತ್ತಿದ್ದೆ,
ಯಾರ ಪರವಾಗಿ ಬೀಸುತ್ತಿದ್ದೆನೋ.

ನನಗೆ ಆದಾಗ ಇಪ್ಪತ್ತಮೂರು.
ಎರಡನೆಯದು ಹೆತ್ತ ಮೂರನೇ ದಿನ ಅತ್ತೆ ಕಾಗದ ತಂದರು.
"ಹೆಬ್ಬೆಟ್ಟಲ್ಲ, ಇವಳಿಗೆ ಸಹಿ ಬರುತ್ತೆ,"
ನರ್ಸಿಗೆ ಹೆಮ್ಮೆಯಿಂದ ಹೇಳಿದರು.
ಬರುತ್ತಿತ್ತು. ಹಾಕಿದೆ.
ತಪ್ಪಾಯಿತೆಂದಲ್ಲ, ಮೂರನೆಯದು ನನಗೂ ಬೇಕಿರಲಿಲ್ಲ.
ಆದರೆ ಕೇಳಿದ್ದರೆ ಏನನ್ನುತ್ತಿದ್ದೆ ಎಂಬುದು
ಇವತ್ತಿಗೂ ಗೊತ್ತಿಲ್ಲ.

ಗುಂಡಿಯನ್ನೂ ಕೇಳಲಾಗುವುದಿಲ್ಲ.
ಅವತ್ತು ಚರಂಡಿ ಪಕ್ಕದ ಗೋಣಿಚೀಲದಲ್ಲಿ
ಐದು ಮರಿ ಇದ್ದವು. ಇವಳೊಬ್ಬಳು ಅಲುಗುತ್ತಿದ್ದಳು.
ಯಾರಿಗೂ ಹೇಳದ್ದನ್ನು ಕೆಂಪಲಕ್ಷ್ಮಮ್ಮನಿಗೆ ಹೇಳಿದೆ.
ಅವಳ ಕೈಯ ಮೊಳ ಅಲ್ಲೇ ನಿಂತಿತು.
"ಕಾರ್ತೀಕದಲ್ಲಿ ಮಾಡಿಸು," ಎಂದಳು,
"ಆಟೋ ದುಡ್ಡು ನಾ ಕೊಡ್ತೀನಿ."

ಪಟಾಕಿ ಮುಗಿದಿದೆ.
ಗುರುವಾರ ಬೆಳಿಗ್ಗೆ ಎಂಟಕ್ಕೆ, ಹೆಬ್ಬಾಳ.
ಹಿಂದಿನ ರಾತ್ರಿಯಿಂದ ಊಟವಿಲ್ಲ.
ಒಳಗಿನ ಹೊಲಿಗೆಗೆ ತಾನೇ ಕರಗುವ ದಾರವಂತೆ.
ಮೂವತ್ತು ವರ್ಷ ಹೊಲಿದಿದ್ದೇನೆ,
ತನ್ನ ಕೆಲಸ ಮುಗಿಯಿತೆಂದು ತಿಳಿಯುವ ದಾರ
ನಾನು ಕಂಡಿಲ್ಲ.

ಗಾಯ ನೆಕ್ಕದಂತೆ ಒಂದು ಅಂಗಿ ಬೇಕು.
ಹಳೆಯ ಹತ್ತಿ ಲುಂಗಿ ಬಿಚ್ಚಿ ಹರಡಿದೆ.
ನಿಲ್ಲುವುದಿಲ್ಲ ಅವಳು, ಟೇಪಿನ ತುದಿ ಕಚ್ಚುತ್ತಾಳೆ.
ಎದೆ ಇಪ್ಪತ್ತೆರಡು, ಸೊಂಟ ಹದಿನೆಂಟು,
ಬಾಲಕ್ಕೊಂದು ಕಿಂಡಿ,
ಗುಂಡಿ ಬೇಡ, ನುಂಗುತ್ತಾಳೆ. ಲಾಡಿ ಸಾಕು.
ಸುತ್ತಲೂ ಒಂದಿಂಚು ಹೆಚ್ಚಿಗೆ ಬಿಟ್ಟು
ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

"ಹತ್ತು ದಿನಕ್ಕಲ್ವಾ ಆಂಟಿ," ಶಬೀನಾ ಕೇಳಿದಳು,
"ಅಷ್ಟರಲ್ಲಿ ಎಲ್ಲಿ ಬೆಳೀತಾಳೆ?"

ಕತ್ತರಿ ಕೊಡು, ಎಂದೆ.